ಕಪಾಟಿನಿಂದ ಕಾಣೆಯಾದ ಆರುನೂರ ಹದಿನಾಲ್ಕು ಮಂದಿ

ಬೀಗ ಒಡೆದಿರಲಿಲ್ಲ.

ತನಿಖಾಧಿಕಾರಿ ಮೂರನೆಯ ಮಹಡಿಯ ದಾಖಲೆ ಕೋಣೆಯಲ್ಲಿ ಮಂಡಿಯೂರಿ ಕೂತು, ಕಬ್ಬಿಣದ ಕಪಾಟಿನ ಕೀಲಿಕಂಡಿಯೊಳಗೆ ಟಾರ್ಚಿನ ಬೆಳಕು ಬಿಟ್ಟಳು. ಗೀರಿಲ್ಲ, ತಂತಿ ಆಡಿಸಿದ ಗುರುತಿಲ್ಲ. ತನ್ನದೇ ಕೀಲಿಗೆ ಸದ್ದಿಲ್ಲದೆ ತೆರೆದುಕೊಂಡ ಬೀಗ.

“ಮೇಡಂ, ನಿನ್ನೆಯಿಂದ ನಾನು ಹನಿ ನೀರೂ ಮುಟ್ಟಿಲ್ಲ,” ಎಂದ ಬೀಗದಣ್ಣ. ಇಪ್ಪತ್ತೆಂಟು ವರ್ಷದಿಂದ ಆ ಕೋಣೆ ಕಾಯುತ್ತಿದ್ದವನು. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

“ನೀರು ಮುಟ್ಟದೆ ಇರಬಹುದು. ಅಂಗಿ ಮೇಲೆ ಬಿಸ್ಕತ್ತಿನ ಪುಡಿ ಇದೆ.”

ಅವನು ಗಡಬಡಿಸಿ ಎದೆ ಕೊಡವಿಕೊಂಡ. ಕಚೇರಿಯವರು ಅವಳಿಗೆ ಭೂತಗನ್ನಡಿ ಎಂದು ಅಡ್ಡಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಕಾಣೆಯಾದದ್ದು ಒಂದೇ ಒಂದು ಕಟ್ಟು. ಮೂರು ವಾರದ ಹಿಂದೆ ಒಂದು ಮುಂಜಾನೆ, ನಲವತ್ತು ಮಂದಿ ಸ್ವಯಂಸೇವಕರು ಊರಿನ ಸಂದಿಗೊಂದಿ ಸುತ್ತಿ, ಸೇತುವೆಯ ಕೆಳಗೆ, ನಿಲ್ದಾಣದ ಬೆಂಚಿನ ಮೇಲೆ, ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ ಮಲಗಿದ್ದವರನ್ನೆಲ್ಲ ಮಾತನಾಡಿಸಿ ಬರೆದುಕೊಂಡ ಹಾಳೆಗಳು. ಆರುನೂರ ಹದಿನಾಲ್ಕು ಜನ, ಒಬ್ಬೊಬ್ಬರಿಗೆ ಒಂದೊಂದು ಹಾಳೆ, ಕೆಳಗೆ ಸಹಿ ಇಲ್ಲವೇ ಹೆಬ್ಬೆಟ್ಟು. ಮನೆಯಿಲ್ಲದವರಿಗೆ ಸೂರು ಕಟ್ಟಲು ಜಿಲ್ಲೆ ರಾಜ್ಯ ಸರ್ಕಾರದ ಅನುದಾನ ಕೇಳುತ್ತಿತ್ತು. ಆ ಅರ್ಜಿಗೆ ಈ ಹಾಳೆಗಳೇ ಜೀವ. ನಕಲು ಬೇಡ, ಮೂಲ ಹಾಳೆಗಳೇ ಬರಲಿ ಎಂಬುದು ರಾಜಧಾನಿಯವರ ಷರತ್ತು. ಶುಕ್ರವಾರ ಸಂಜೆ ಐದಕ್ಕೆ ಗಡುವು. ಇದು ಬುಧವಾರದ ಬೆಳಗು.

ಅವಳು ಕೆಳಗಿನ ಖಾನೆಯನ್ನು ಪೂರ್ತಿ ಹೊರಗೆಳೆದಳು. ಹಿಂದಿನ ತಗಡಿಗೆ ಸಿಕ್ಕಿಕೊಂಡು ಒಂದು ಹಾಳೆ ಮುದುರಿ ಉಳಿದಿತ್ತು. ಅವಸರದಲ್ಲಿ ಕಟ್ಟು ಎಳೆದವರ ಕೈಗೆ ಇದೊಂದು ತಪ್ಪಿಸಿಕೊಂಡಿತ್ತು.

ಸಂಖ್ಯೆ ಮುನ್ನೂರ ಎಪ್ಪತ್ತೇಳು. ವಯಸ್ಸು ಅರವತ್ತೊಂದು. ಹಿಂದಿನ ಕಸುಬು, ಬಡಗಿ. ಎಲ್ಲಿ ಮಲಗುತ್ತೀರಿ? ನಿಂತ ಲಾರಿಯ ಕೆಳಗೆ. ಮುಖ್ಯವಾಗಿ ಏನು ಬೇಕು? ಉಳಿದವರು ಕಂಬಳಿ, ಔಷಧಿ, ಕೆಲಸ ಎಂದು ಬರೆಸಿದ್ದರಂತೆ. ಈ ಬಡಗಿ ಬರೆಸಿದ್ದು ಮೂರೇ ಪದ: ‘ಒಳಗಿನಿಂದ ಹಾಕುವ ಚಿಲಕ.’

ಅವಳು ಅದನ್ನು ಎರಡು ಸಲ ಓದಿದಳು. ಊರಿನವರಿಗೆಲ್ಲ ಬಾಗಿಲು ಮಾಡಿಕೊಟ್ಟವನು! ಅಷ್ಟರಲ್ಲೇ ಹಾಳೆಯ ಮೇಲ್ಗಡೆ ಬರೆದ ಅಕ್ಷರ ಕಣ್ಣಿಗೆ ಬಿತ್ತು. ದುಂಡಗೆ, ನೀಟಾಗಿ, ಸಾಲು ಹಿಡಿದು ಕೂತ ಅಕ್ಷರ.

ವಾರಗಿತ್ತಿಯ ಅಕ್ಷರ.

ಕರುಣೆ ಹೋಗಿ ಹಳೆಯ ಹೊಟ್ಟೆಕಿಚ್ಚು ಬಂದು ಕೂತಿತು.

ಮೈದುನನ ಹೆಂಡತಿಯಾಗಿ ಆ ಹುಡುಗಿ ಮನೆಗೆ ಬಂದು ಹನ್ನೊಂದು ವರ್ಷ. ಹಿರಿಯ ಸೊಸೆಯಾದ ತಾನು ಕೆಳಗಿನ ಮಹಡಿ, ಕಿರಿಯಳು ಮೇಲಿನ ಮಹಡಿ, ನಡುವೆ ಒಂದೇ ಅಡುಗೆಮನೆ. ಬೆಳಗಿನ ಚಹಾದ ಮೊದಲ ಲೋಟ ಅತ್ತೆ ಕೊಡುತ್ತಿದ್ದುದು ಕಿರಿಯಳಿಗೆ. ನೆಂಟರು ಬಂದರೆ ಕೇಳುತ್ತಿದ್ದುದು, “ಮೇಲಿನವಳು ಇಲ್ವಾ?” ಎಂದು. ಜಿಲ್ಲಾ ಕಚೇರಿಯಲ್ಲಿ ತಾನು ಹದಿನಾರು ವರ್ಷ ಕಡತ ಹಿಡಿದು ಮೇಲೆ ಬಂದರೆ, ಅವಳು ಆರೇ ವರ್ಷಕ್ಕೆ ವಸತಿ ವಿಭಾಗದ ಮುಖ್ಯಸ್ಥೆ. ಪತ್ರಿಕೆಯಲ್ಲಿ ಫೋಟೋ ಬೇರೆ. ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದು ಬೇರೆ ಯಾರೂ ಅಲ್ಲ, ತನ್ನ ಗಂಡನೇ.

ಆ ಗಂಡನೋ, ಬಸ್ ಡಿಪೋದ ಮೇಲ್ವಿಚಾರಕ, ರಜೆಯ ದಿನ ಬಕೆಟ್ಟಿನ ನೀರೂ ಎತ್ತಿಡದವನು. ಕಿರಿಯಳು ಒಂದು ಮಾತು ಕೇಳಿದ್ದಕ್ಕೆ ಬೆಳಕು ಹರಿಯುವ ಮುಂಚೆ ಎದ್ದು, ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡು, ಎಣಿಕೆಗೆ ಹೊರಟಿದ್ದ. ಆ ಬೆಳಗ್ಗೆ ಹಿರಿಯಳು ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿ, ಇಬ್ಬರೂ ನಗುತ್ತ ಮೆಟ್ಟಿಲಿಳಿದದ್ದನ್ನು ಕೇಳಿಸಿಕೊಂಡಿದ್ದಳು.

ನಿನ್ನೆ ಜಿಲ್ಲಾಧಿಕಾರಿ ಕರೆದು ಹೇಳಿದ್ದರು: “ಆ ವಿಭಾಗದವರು ನಿಮ್ಮ ಸಂಬಂಧ ಅಂತ ಗೊತ್ತು. ಆದ್ರೆ ಈ ಕಟ್ಟಡದಲ್ಲಿ ತನಿಖೆ ಮಾಡೋ ಅಧಿಕಾರ ಇರೋದು ನಿಮಗೊಬ್ಬರಿಗೇ. ಮುಲಾಜು ನೋಡಬೇಡಿ.”

ಮುಲಾಜೇ! ಬಾವಿಗೆ ಬಿದ್ದವರನ್ನು ಎತ್ತಲು ಹಗ್ಗ ಕೊಟ್ಟಂತಿತ್ತು ಅವರ ದನಿ. ಆ ಹಗ್ಗವನ್ನು ಅವಳು ಬೇರೆ ಕೆಲಸಕ್ಕೆ ಇಟ್ಟುಕೊಂಡಿದ್ದಳು.

“ಕೀಲಿ ಪುಸ್ತಕ ಕೊಡಿ,” ಎಂದಳು ಈಗ.

ಬೀಗದಣ್ಣ ಉದ್ದನೆಯ ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟ. ಈ ಕಪಾಟಿನ ಕೀಲಿ ಪಡೆಯುವ ಹಕ್ಕು ಇಬ್ಬರಿಗೆ ಮಾತ್ರ. ಒಬ್ಬಳು ವಾರಗಿತ್ತಿ, ಇನ್ನೊಬ್ಬರು ಅಂಕಿಅಂಶ ವಿಭಾಗದ ಮುದುಕರು, ಎಲ್ಲರ ಬಾಯಲ್ಲೂ ‘ಎಣಿಕೆ ಮೇಷ್ಟ್ರು’. ಅವಳ ಬೆರಳು ಸೋಮವಾರದ ಸಾಲಿನ ಮೇಲೆ ಜಾರಿ ನಿಂತಿತು. ಸಂಜೆ ನಾಲ್ಕು ಹತ್ತು. ಕೀಲಿ ಪಡೆದವರ ಸಹಿ.

ವಾರಗಿತ್ತಿಯ ಹೆಸರು.

“ಅವರು ಬಂದಿದ್ದನ್ನ ನೀವು ನೋಡಿದ್ರಾ?”

“ಇಲ್ಲ ಮೇಡಂ. ನಾಲ್ಕಕ್ಕೆ ನಾನು ಕೆಳಗೆ ಚಹಾಕ್ಕೆ ಹೋಗ್ತೀನಿ. ಬಂದಾಗ ಸಹಿ ಇತ್ತು, ಕೀಲಿ ಮೊಳೆ ಮೇಲಿತ್ತು. ಆ ಮೇಡಂ ಸಹಿ ಅಂದ್ರೆ ಮುಗೀತು, ನಾನೇನು ಕೇಳ್ಲಿ?”

ಅವಳ ಎದೆಯಲ್ಲಿ ಏನೋ ಹಗುರಾಯಿತು. ಹನ್ನೊಂದು ವರ್ಷದಿಂದ ಕಾದದ್ದು ಇದೇ ಸಾಲಿಗೋ ಎನ್ನಿಸಿತು. ರಿಜಿಸ್ಟರನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟವಳ ನಡಿಗೆಯಲ್ಲೇ ಒಂದು ಬಿಗುಮಾನ ಬಂದಿತ್ತು.

ಎಣಿಕೆ ಮೇಷ್ಟ್ರು ಕಿಟಕಿಯಿಲ್ಲದ ಮೂಲೆಯ ಕೋಣೆಯಲ್ಲಿ ಪೆನ್ಸಿಲ್ ಕೆತ್ತುತ್ತಿದ್ದರು.

“ಬನ್ನಿ, ಬನ್ನಿ. ನನ್ನ ಮೇಲೂ ಅನುಮಾನ ಇರಬೇಕಲ್ಲ?”

“ಎಲ್ಲರ ಮೇಲೂ ಇದೆ.”

“ಇರ್ಲಿ. ಎಣಿಕೆ ಹೇಗೆ ಮಾಡ್ಬೇಕು ಅಂತ ಹೇಳ್ಕೊಟ್ಟೋನು ನಾನು. ಯಾವ ಗಲ್ಲಿಗೆ ಎಷ್ಟು ಜನ ಹೋಗ್ಬೇಕು ಅಂತ ನಕ್ಷೆ ಹಾಕಿದೋನು ನಾನು. ಫೋಟೋದಲ್ಲಿ ನಾನೆಲ್ಲಿದ್ದೀನಿ ಹೇಳಿ? ಒಂದು ಮೊಣಕೈ ಕಾಣುತ್ತೆ. ಅದು ನಂದು.” ಪೆನ್ಸಿಲಿನ ಮೊನೆ ಟಕ್ಕೆಂದು ಮುರಿಯಿತು. “ಹೊಟ್ಟೆ ಉರೀತದೆ ಮೇಡಂ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಸೋಮವಾರ ಮೂರೂವರೆಯಿಂದ ಐದರ ತನಕ ನಾನು ರಾಜಧಾನಿಯವರ ಜೊತೆ ವಿಡಿಯೋ ಸಭೇಲಿದ್ದೆ. ಹನ್ನೆರಡು ಜನ ನನ್ನ ಬೋಳುತಲೆ ನೋಡಿದ್ದಾರೆ.”

“ಹಾಳೆಗಳನ್ನ ಸ್ಕ್ಯಾನ್ ಯಾಕೆ ಮಾಡಿರ್ಲಿಲ್ಲ?”

“ಮಂಗಳವಾರ ಬೆಳಿಗ್ಗೆಗೆ ಗೊತ್ತು ಮಾಡಿದ್ವಿ. ಯಾರಿಗೋ ಅದು ಗೊತ್ತಿತ್ತು ಅನ್ನಿ. ಒಂದು ದಿನ ಮುಂಚೆ ಕೈ ಇಟ್ಟಿದ್ದಾರೆ.” ಅವರು ದನಿ ತಗ್ಗಿಸಿದರು. “ನನಗೆ ಆಕೆ ಕಂಡ್ರೆ ಆಗಲ್ಲ. ಆದ್ರೂ ಆಕೆ ತೆಗೆದ್ರು ಅಂದ್ರೆ ನಂಬಕ್ಕಾಗಲ್ಲ. ಹೆತ್ತೋಳು ತೊಟ್ಟಿಲು ಸುಡ್ತಾಳಾ?”

ಆ ಮಾತು ಅವಳಿಗೆ ಹಿಡಿಸಲಿಲ್ಲ. ಹೊಟ್ಟೆಯುರಿಯಲ್ಲಿ ತನ್ನ ಜೊತೆಗಾರ ಎಂದುಕೊಂಡಿದ್ದರೆ, ಮುದುಕ ಕೊನೆಗೆ ಅತ್ತಲೇ ವಾಲಿದ.

ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ವರದಿಗೆ ಕೂತಳು. ‘ಸೋಮವಾರ ಸಂಜೆ 4.10ಕ್ಕೆ ವಸತಿ ವಿಭಾಗದ ಮುಖ್ಯಸ್ಥೆ ಖುದ್ದು ಸಹಿ ಹಾಕಿ ಕೀಲಿ ಪಡೆದಿರುವುದು ಕಂಡುಬಂದಿದೆ.’ ಕೈ ಸರಾಗವಾಗಿ ಓಡಿತು. ಸಹಿಯನ್ನು ಹೋಲಿಸಿ ನೋಡಿದೆ ಎಂದು ಬರೆಯಲು ಬಡಗಿಯ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡಳು. ಅದರ ಕೆಳಗೆ ಎಣಿಕೆ ಮಾಡಿದವರ ಸಹಿ ಇತ್ತು.

ಪೆನ್ನು ನಿಂತಿತು.

ವಾರಗಿತ್ತಿ ಬರೆಯುವ ರೀತಿಯೇ ಬೇರೆ. ಹೆಸರನ್ನು ಮೊದಲು ತಲೆಕಟ್ಟಿಲ್ಲದೆ ಬೋಳುಬೋಳಾಗಿ ಬರೆದು ಮುಗಿಸುವಳು. ಆಮೇಲೆ ಎಡಗಡೆಯಿಂದ ಶುರುಮಾಡಿ ಒಂದೊಂದಕ್ಕೇ ತಲೆಕಟ್ಟು ಇಡುತ್ತ ಹೋಗುವಳು, ಸಾಲಾಗಿ ನಿಂತ ಮಕ್ಕಳ ತಲೆಗೆ ಟೋಪಿ ಇಟ್ಟ ಹಾಗೆ. ಹಾಗಾಗಿ ಅವಳ ತಲೆಕಟ್ಟುಗಳು ಅಕ್ಷರಕ್ಕೆ ತಾಗದೆ, ಕೂದಲೆಳೆಯಷ್ಟು ಮೇಲೆ ತೇಲುತ್ತವೆ. ಬಡಗಿಯ ಹಾಳೆಯಲ್ಲಿ ತೇಲುತ್ತಿದ್ದವು. ರಿಜಿಸ್ಟರಿನಲ್ಲಿ, ಪ್ರತಿ ಅಕ್ಷರಕ್ಕೂ ತಲೆಕಟ್ಟು ಅಂಟಿಕೊಂಡೇ ಇತ್ತು.

ಯಾರೋ ಎಲ್ಲರಿಗೂ ಟೋಪಿ ಹಾಕಿದ್ದರು.

ಇದು ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಅವಳ ಗಂಡನಾದ ಮೈದುನನಿಗೂ ಕಾಣುತ್ತಿರಲಿಲ್ಲ. ಅವಳು ಬರೆದಿಡುವ ಅಡುಗೆಮನೆಯ ಸಾಮಾನಿನ ಚೀಟಿಯನ್ನು ಹನ್ನೊಂದು ವರ್ಷ ದಿನಾ ಹೊಟ್ಟೆ ಉರಿದುಕೊಂಡು ಓದಿದವಳಿಗೆ ಮಾತ್ರ ಗೊತ್ತು. ಯಾರಿಗೂ ಹೇಳದ ಸಂಗತಿ ಇನ್ನೊಂದಿತ್ತು. ಮೊದಲ ವರ್ಷದಲ್ಲಿ ಒಂದು ಮಧ್ಯಾಹ್ನ, ಹಳೆಯ ಲಕೋಟೆಯ ಬೆನ್ನ ಮೇಲೆ, ಆ ಸಹಿಯನ್ನು ತಾನೇ ನಲವತ್ತು ಸಲ ಬರೆದು ಕಲಿಯಲು ನೋಡಿದ್ದಳು. ತನಗೂ ಅಂಥ ಅಕ್ಷರ ಇರಲಿ ಎಂಬ ಆಸೆ. ತಲೆಕಟ್ಟು ತೇಲಿಸಲು ಕೊನೆಗೂ ಆಗಲಿಲ್ಲ. ಲಕೋಟೆಯನ್ನು ಚೂರುಚೂರು ಮಾಡಿ ಒಲೆಗೆ ಹಾಕಿದ್ದಳು.

ಪ್ರೀತಿ ಇದ್ದವರು ಅಷ್ಟು ಸೂಕ್ಷ್ಮವಾಗಿ ನೋಡುವುದಿಲ್ಲ. ಕರುಬುವವರು ನೋಡುತ್ತಾರೆ.

ಅವಳು ಎದ್ದು ಕಿಟಕಿಯ ಬಳಿ ನಿಂತಳು. ಕೆಳಗೆ ಬಸ್ಸುಗಳು, ಛತ್ರಿ ರಿಪೇರಿಯವನು, ಕಚೇರಿಯ ಗೋಡೆಗೆ ಒರಗಿ ಕಾಲು ಚಾಚಿ ಕೂತ ಇಬ್ಬರು ಹೆಂಗಸರು. ವರದಿ ಬರೆದಾಗಿದೆ. ಸಹಿ ವಾರಗಿತ್ತಿಯದೇ ಎನ್ನುವುದಕ್ಕೆ ಬೀಗದಣ್ಣ ಸಾಕ್ಷಿ. ತಲೆಕಟ್ಟಿನ ವಿಷಯ ತನ್ನ ತಲೆಯಲ್ಲೇ ಉಳಿದರೆ ಕೇಳುವವರು ಯಾರು? ನಾಳೆ ಬೆಳಗ್ಗೆ ಅತ್ತೆ ಮೊದಲ ಲೋಟ ಯಾರ ಕೈಗೆ ಕೊಡುತ್ತಾಳೆ ನೋಡೋಣ.

ಆ ಯೋಚನೆ ಬೆಲ್ಲದ ಹಾಗೆ ನಾಲಿಗೆಯ ಮೇಲೆ ಕರಗುತ್ತಿರುವಾಗಲೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ರಿಜಿಸ್ಟರ್ ಎತ್ತಿಕೊಂಡು ಹೊರಟಳು. ವರದಿಯನ್ನು ಹರಿಯಲಿಲ್ಲ, ಅದನ್ನೂ ಜೊತೆಗಿಟ್ಟುಕೊಂಡಳು. ವಾರಗಿತ್ತಿ ‘ನಾನಲ್ಲ ಅಕ್ಕ’ ಎಂದು ಗೋಗರೆಯುವುದನ್ನು ಒಂದು ಸಲವಾದರೂ ನೋಡಬೇಕು. ಆಮೇಲೆ ಬೇಕಾದರೆ ಕಾಪಾಡೋಣ.

ವಸತಿ ವಿಭಾಗದ ಗೋಡೆಯ ತುಂಬ ಊರಿನ ನಕ್ಷೆ, ಅದರ ಮೇಲೆ ಕೆಂಪು ಗುಂಡುಸೂಜಿಗಳು. ವಾರಗಿತ್ತಿ ಅರ್ಜಿಯ ಪುಟಗಳನ್ನು ಹರಡಿಕೊಂಡು ಕೂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಅದೂ ಅವಳಿಗೆ ಒಪ್ಪುತ್ತಿತ್ತು, ಹಾಳಾದ್ದು.

“ಬನ್ನಿ ಅಕ್ಕ. ಏನಾದ್ರೂ ಸಿಕ್ತಾ?”

“ಇಲ್ಲಿ ನಾನು ನಿನ್ನ ಅಕ್ಕ ಅಲ್ಲ.” ರಿಜಿಸ್ಟರನ್ನು ಪುಟಗಳ ಮೇಲೇ ಬಿಚ್ಚಿಟ್ಟಳು. “ಇದು ಯಾರ ಸಹಿ?”

ವಾರಗಿತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಮುಖದ ಬಣ್ಣ ನಿಧಾನವಾಗಿ ಇಳಿಯಿತು.

“ನಂದೇ,” ಎಂದಳು.

“ಏನಂದೆ?”

“ನಂದೇ ಸಹಿ. ಬರ್ಕೊಳ್ಳಿ.”

ಈ ಉತ್ತರಕ್ಕೆ ತನಿಖಾಧಿಕಾರಿ ಸಿದ್ಧಳಾಗಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

“ಸೋಮವಾರ ನಾಲ್ಕು ಹತ್ತಕ್ಕೆ ನೀನು ದಾಖಲೆ ಕೋಣೇಲಿದ್ದೆ?”

“ಇದ್ದೆ.”

“ಹಾಳೆಗಳು ಎಲ್ಲಿವೆ?”

“ಮನೆಗೆ ತಗೊಂಡು ಹೋಗೋವಾಗ ಬಸ್ಸಲ್ಲಿ ಮರೆತೆ. ಹೇಳೋಕೆ ಭಯ ಆಯ್ತು.”

“ಯಾವ ಬಸ್ಸು?”

ವಾರಗಿತ್ತಿ ರಿಜಿಸ್ಟರ್ ಮುಚ್ಚಲು ಹೋದಳು.

“ಸೋಮವಾರ ನೀನು ನಡ್ಕೊಂಡು ಬಂದೆ. ಚಪ್ಪಲಿ ಬಾರು ಕಿತ್ತಿದೆ ಅಂತ ಅತ್ತೆ ಹತ್ರ ಅರ್ಧ ಗಂಟೆ ಮುದ್ದು ಮಾಡಿಸ್ಕೊಂಡೆ. ನಾನು ಅಡುಗೆಮನೇಲೇ ಇದ್ದೆ, ಎಲ್ಲಾ ಕೇಳಿಸ್ತು. ನೀನು ಕೆಮ್ಮಿದ್ರೂ ನನಗೆ ಕೇಳಿಸುತ್ತೆ.” ಅವಳ ದನಿ ಏರಿತು. “ಈ ಸಹಿ ನಿಂದಲ್ಲ. ನಿನ್ನ ತಲೆಕಟ್ಟು ಅಕ್ಷರಕ್ಕೆ ತಾಗೋದಿಲ್ಲ. ಇಷ್ಟು ವರ್ಷ ನಿನ್ನ ನೋಡ್ನೋಡಿ ನನ್ನ ಕಣ್ಣು ಕೆಂಪಾಗಿದೆ, ನನಗೆ ಹೇಳ್ಕೊಡ್ತೀಯಾ? ಯಾರನ್ನ ಮುಚ್ಚಿಡ್ತಿದ್ದೀಯ?”

“ಅಕ್ಕ, ಸುಮ್ನೆ ಬರ್ಕೊಂಡುಬಿಡಿ. ನಿಮಗೂ ಅದೇ ಬೇಕಿತ್ತಲ್ಲ.”

ಆ ಮಾತು ಕಪಾಳಕ್ಕೆ ಹೊಡೆದಂತಿತ್ತು. ಹೌದು, ಬೇಕಿತ್ತು. ಅದು ಇವಳಿಗೆ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು, ಗೊತ್ತಿದ್ದೂ ‘ಅಕ್ಕ’ ಎನ್ನುತ್ತಲೇ ಇದ್ದಳು.

“ನಿನ್ನ ಕೆಲಸ ಹೋಗುತ್ತೆ. ಆರುನೂರು ಜನಕ್ಕೆ ಸಿಗೋ ಸೂರು ಹೋಗುತ್ತೆ. ಆ ಬಡಗಿ ಲಾರಿ ಕೆಳಗೇ ಸಾಯ್ತಾನೆ. ಇಷ್ಟೆಲ್ಲಕ್ಕಿಂತ ದೊಡ್ಡೋರು ಯಾರು?”

ವಾರಗಿತ್ತಿ ಎದ್ದು ಬಾಗಿಲಿನ ಚಿಲಕ ಹಾಕಿ ಬಂದಳು. ನಿಂತೇ ಮಾತನಾಡಿದಳು, ನಕ್ಷೆಯ ಕಡೆ ಮುಖ ಮಾಡಿ.

“ಸೋಮವಾರ ಸ್ವಯಂಸೇವಕರಿಗೆ ಪ್ರಮಾಣಪತ್ರ ಕೊಟ್ವಿ. ಭಾವನೂ ಬಂದಿದ್ರು. ನಾಲ್ಕೂಕಾಲಿಗೆ ಮೆಟ್ಟಿಲ ಮೇಲೆ ಕಂಡ್ರು. ಕಂಕುಳಲ್ಲಿ ಬಟ್ಟೆ ಚೀಲ, ಭಾರ ಇತ್ತು. ಕರೆದೆ, ತಿರುಗಿ ನೋಡ್ಲಿಲ್ಲ. ಮಾರನೇ ದಿನ ಕಪಾಟು ಖಾಲಿ ಅಂದಾಗ ನನಗೆ ಗೊತ್ತಾಯ್ತು.”

“ನನ್ನ ಗಂಡ?” ನಗು ಬಂತು ಅವಳಿಗೆ, ಒಣ ನಗು. “ಅವರಿಗೆ ಆ ಹಾಳೆ ತಗೊಂಡು ಏನಾಗ್ಬೇಕು? ಅಷ್ಟಕ್ಕೂ ನಿನ್ನ ಕೆಲಸ ಅಂದ್ರೆ ಪ್ರಾಣ ಬಿಡ್ತಾರೆ.”

“ಒಂದು ಹಾಳೆಗೋಸ್ಕರ ಅಕ್ಕ. ಒಂದು ಹಾಳೆ ತೆಗೆದು ಮಿಕ್ಕಿದ್ದು ತಂದಿಡ್ತಾರೆ ಅಂತ ನಿನ್ನೆಯಿಂದ ಕಾಯ್ತಿದ್ದೀನಿ.” ವಾರಗಿತ್ತಿ ಒಂದು ಕೆಂಪು ಸೂಜಿಯ ಮೇಲೆ ಬೆರಳಿಟ್ಟಳು. ಹಳೆಯ ಧಾನ್ಯ ಮಾರುಕಟ್ಟೆಯ ಹಿಂಬದಿ. “ಇಲ್ಲಿ ಒಬ್ಬ ಹೆಂಗಸು. ನಾನೇ ಬರ್ಕೊಂಡೆ. ವಯಸ್ಸು ಮೂವತ್ನಾಲ್ಕು. ಮದುವೆ ಆಗಿದೆಯಾ ಅಂದ್ರೆ ಹೌದು ಅಂದ್ಲು. ಗಂಡನ ಹೆಸರು ಕೇಳ್ದೆ. ಹೆಸರು ಹೇಳಿದ್ಲು, ಮಾವನ ಹೆಸರು ಹೇಳಿದ್ಲು, ಗಂಡ ಕೆಲಸ ಮಾಡೋ ಡಿಪೋನೂ ಹೇಳಿದ್ಲು. ಮೂರೂ...”

ಮುಂದೆ ಹೇಳಬೇಕಾಗಿರಲಿಲ್ಲ.

ಹೊರಗೆ ಯಾರೋ ಕುರ್ಚಿ ಎಳೆದರು. ಟೈಪಿಸ್ಟಿನ ನಗು ಕೇಳಿಸಿತು.

“ಭಾವನ್ನ ಕೇಳ್ದೆ. ತಲೆ ಕೆಟ್ಟೋಳು ಅಂದ್ರು. ಆ ಹಾಳೆ ಹರಿದು ಹಾಕು ಅಂದ್ರು. ಎಣಿಸಿದ ಮೇಲೆ ಹರಿಯೋಕೆ ಬರಲ್ಲ ಭಾವ, ಅವಳೂ ಒಂದು ಲೆಕ್ಕ ಅಂದೆ. ಅವತ್ತಿಂದ ನನ್ನ ಹತ್ರ ಮಾತಾಡಿಲ್ಲ.”

ತನಿಖಾಧಿಕಾರಿಯ ಬಾಯಿಂದ ಹೊರಟದ್ದು ತನಿಖೆಯ ಪ್ರಶ್ನೆಯಾಗಿರಲಿಲ್ಲ. ಅದು ಎಲ್ಲಿಂದ ಬಂತೋ ಅವಳಿಗೇ ಗೊತ್ತಾಗಲಿಲ್ಲ.

“ನೋಡೋಕೆ ಹೇಗಿದ್ದಾಳೆ?”

ವಾರಗಿತ್ತಿ ತಿರುಗಿದಳು. ಕಣ್ಣು ತುಂಬಿತ್ತು. “ಚೆನ್ನಾಗಿದ್ದಾಳೆ ಅಕ್ಕ. ಅಷ್ಟು ಕಷ್ಟದಲ್ಲೂ ತಲೆ ಬಾಚಿ ಜಡೆ ಹಾಕ್ಕೊಂಡಿದ್ಲು.”

ಹನ್ನೊಂದು ವರ್ಷ ತಪ್ಪು ಹೆಂಗಸಿನ ಮೇಲೆ ಸುರಿದ ಕಿಚ್ಚು! ಮೇಲಿನ ಮಹಡಿಯ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಕೂತಿದ್ದಾಗ, ಮಾರುಕಟ್ಟೆಯ ಹಿಂದೆ ಸಿಮೆಂಟಿನ ಮೇಲೆ ಯಾರೋ ಕೂತು ತನ್ನ ಗಂಡನ ಹೆಸರನ್ನು ಬಾಯಲ್ಲಿಟ್ಟುಕೊಂಡು ಜಡೆ ಹೆಣೆಯುತ್ತಿದ್ದಳು.

ಅವಳು ವರದಿಯ ಹಾಳೆ ತೆಗೆದಳು. ‘ಖುದ್ದು ಸಹಿ ಹಾಕಿ’ ಎಂಬಲ್ಲಿ ಒಂದು ಗೆರೆ ಎಳೆದಳು. ಮೇಲೆ ಬರೆದಳು: ‘ಸಹಿ ನಕಲಿ.’

“ಅಕ್ಕ, ಬೇಡ. ಯಾರು ಅಂತ ಕೇಳ್ತಾರೆ.”

“ಕೇಳ್ಲಿ. ಆಮೇಲೆ ನೋಡೋಣ. ಮೊದ್ಲು ಅವಳನ್ನ ನಾನು ನೋಡ್ಬೇಕು. ಅವಳ ಬಾಯಿಂದ್ಲೇ ಕೇಳ್ಬೇಕು. ನಡಿ, ತೋರಿಸು.”

ವಾರಗಿತ್ತಿ ಅಲುಗಲಿಲ್ಲ.

“ನಿನ್ನೆ ಬೆಳಿಗ್ಗೆ ನಾನು ಹೋಗಿದ್ದೆ. ಹೊಸ ಹಾಳೆ ಬರೆಸಿಕೊಳ್ಳೋಣ ಅಂತ. ಅವಳಿಲ್ಲ. ಸೋಮವಾರ ಸಂಜೆ ಒಬ್ರು ಬಂದು ಕರ್ಕೊಂಡು ಹೋದ್ರಂತೆ, ಪಕ್ಕದ ಮುದುಕಿ ಹೇಳಿದ್ಲು.”

“ಎಲ್ಲೋ ಊರಿಗೆ ಕಳಿಸಿರ್ತಾರೆ. ಬಸ್ಸು ಹತ್ಸಿರ್ತಾರೆ.” ತನಿಖಾಧಿಕಾರಿ ರಿಜಿಸ್ಟರ್ ಎತ್ತಿಕೊಂಡು ಬಾಗಿಲಿನತ್ತ ನಡೆದಳು.

“ಅವಳ ಗಂಟು ಅಲ್ಲೇ ಇದೆ ಅಕ್ಕ. ಕಂಬಳಿ, ತಟ್ಟೆ, ಬಾಚಣಿಗೆ, ಎಲ್ಲಾ.” ವಾರಗಿತ್ತಿ ತಗ್ಗಿದ ದನಿಯಲ್ಲಿ ಹೇಳಿದಳು. “ಆರುನೂರು ಜನರನ್ನ ಮಾತಾಡಿಸಿ ನಾವು ಕಲ್ತಿದ್ದು ಒಂದೇ. ಮನೆ ಇಲ್ಲದೋರು ಗಂಟು ಬಿಟ್ಟು, ತಾವಾಗಿ ಎಲ್ಲಿಗೂ ಹೋಗಲ್ಲ.”